ಒಂದೇ ಗುಂಡು

“ನನ್ನ ಕೋವಿ ಹಿಂಬದಿಗೆ ಈ ಹೊಸ ಬಟ್ ಕೂರಿಸಿದೀನಿ, ಟ್ರಿಗರ್ ಮೇಲೆ ಬೆರಳು ಇಟ್ಕೊಂಡಿದ್ರೆ ಸಾಕು ಬಿದ್ದಪ್ಪಣ್ಣ, ತಾನಾಗೇ ಹೊಡೀತಾ ಹೋಗ್ತದೆ,” ಎಂದ ಗೆಳೆಯ.

“ನಂಗೆ ಇವತ್ತು ಒಂದೇ ಗುಂಡು ಸಾಕು ಮಾರಾಯ.” ಬಿದ್ದಪ್ಪ ಅಂಗಳದಲ್ಲಿ ಶತಪಥ ಹಾಕುತ್ತಿದ್ದ. ಸೊಸೆ ಹೆರಿಗೆ ಆಸ್ಪತ್ರೆಯಲ್ಲಿದ್ದಳು. ಗಂಡು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು, ಸಾವಾದರೆ ಬೆನ್ನುಬೆನ್ನಿಗೆ ಎರಡು ಹಾರಿಸಿ ಊರಿಗೆ ತಿಳಿಸುವುದು ಅವರ ಜನರ ಪದ್ಧತಿ. ಎದುರು ಗುಡ್ಡದ ಮನೆಗೆ ಫೋನ್ ಸಿಗುತ್ತಿರಲಿಲ್ಲ; ಹೃದಯ ಸರಿಯಿಲ್ಲದ ಬೀಗರು ಅಲ್ಲಿ ಮನೆಯವರ ಜೊತೆ ಗುಂಡಿನ ಸದ್ದಿಗೆ ಕಿವಿಗೊಟ್ಟು ಕೂತಿದ್ದರು.

ಮಗನ ಫೋನ್ ಬಂತು. “ಗಂಡು ಮಗು ಅಪ್ಪ! ಇಬ್ರೂ ಚೆನ್ನಾಗಿದ್ದಾರೆ.”

ಬಿದ್ದಪ್ಪ ಗೆಳೆಯನ ಕೈಯಲ್ಲಿದ್ದ ಕೋವಿಯನ್ನೇ ಕಿತ್ತುಕೊಂಡು ಆಕಾಶಕ್ಕೆ ಹಿಡಿದ.

ಢಂ, ಢಂ.

“ಅಯ್ಯೋ, ಎರಡು ಹೋಯ್ತಲ್ಲೋ! ಜೀಪ್ ತೆಗಿ, ಬೇಗ!”

ಜೀಪು ಅರ್ಧ ಗುಡ್ಡ ಹತ್ತುವಷ್ಟರಲ್ಲಿ ಬೀಗರ ಮನೆಯಿಂದ ಗುಂಡಿನ ಸದ್ದು ಕೇಳಿಸಿತು, ಬೆನ್ನುಬೆನ್ನಿಗೆ ಎರಡು.