ಐವತ್ತರ ಮುಳ್ಳು

ಮುಳ್ಳು ಐವತ್ತಕ್ಕೆ ಬಂದ ಕೂಡಲೇ ಚಿಕ್ಕಬೋರಯ್ಯ ಎಂದಿನಂತೆ ಕಾರಿನ ವೇಗದ ಮೀಟರಿನ ಗಾಜನ್ನು ಬೆರಳಿನಿಂದ ತಟ್ಟಿದರು. “ಸಾಕು ಕಣವ್ವ, ಇನ್ನು ತುಳೀಬ್ಯಾಡ.” ಇದೇ ಮಂಡ್ಯದ ರಸ್ತೆಯಲ್ಲಿ ಮಗ ಅಪಘಾತದಲ್ಲಿ ತೀರಿಕೊಂಡ ಮೇಲೆ, ತಮ್ಮ ಹಳೆಯ ಅಂಬಾಸಿಡರ್ ಐವತ್ತು ದಾಟಲು ಅವರು ಬಿಟ್ಟಿರಲಿಲ್ಲ. ಹೋದ ವಾರ ಹಾಗೆ ಆಸ್ಪತ್ರೆಗೆ ತಡವಾಗಿಯೇ ಡಯಾಲಿಸಿಸ್ ಸರದಿ ತಪ್ಪಿ, ಎರಡು ದಿನ ಅವರು ಉಸಿರಿಗೆ ಒದ್ದಾಡಿದ್ದರು.

ಇವತ್ತೂ ಅಲ್ಲಿಗೇ ಗಾಡಿ ಓಡಿಸುತ್ತಿದ್ದ ಮಗಳು ಕುಸುಮ ಮುಳ್ಳನ್ನು ಐವತ್ತರಲ್ಲೇ ನಿಲ್ಲಿಸಿದಳು. ಮೊನ್ನೆ ಮದ್ದೂರಿನ ಮೆಕ್ಯಾನಿಕ್ ಗಫಾರ್ ಹಿಂದಿನ ಚಕ್ರಗಳನ್ನು ತಿರುಗಿಸುವ ಡಿಫರೆನ್ಷಿಯಲ್ ಬಿಚ್ಚಿ, ಹಲ್ಲಿನ ಲೆಕ್ಕ ಬೇರೆಯಿರುವ ಕ್ರೌನ್-ಪಿನಿಯನ್ ಹಲ್ಲುಚಕ್ರಗಳನ್ನು ಕೂರಿಸಿಕೊಟ್ಟಿದ್ದ. “ಇಂಜಿನ್ ಇನ್ನು ಅರಚಾಕಿಲ್ಲ ಅಕ್ಕಾ. ಆದ್ರೆ ಮುಳ್ಳು ಐವತ್ತು ಅಂದ್ರೆ ಗಾಡಿ ಅರವತ್ತರ ಮ್ಯಾಲಿರ್ತದೆ. ಮೀಟ್ರೂ ಸರಿ ಮಾಡ್ಲಾ?” ಎಂದು ಕೇಳಿದ್ದ. “ಬ್ಯಾಡಿ ಗಫಾರಣ್ಣ, ಅದು ಅಂಗೇ ಇರ್ಲಿ” ಎಂದವಳ ಮುಖ ನೋಡಿ, ಅವನು ಸ್ಪ್ಯಾನರ್ ಎತ್ತಿಟ್ಟಿದ್ದ.

ಕಿಲೋಮೀಟರ್ ಕಲ್ಲೊಂದು ಹಿಂದೆ ಸರಿಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಅಪ್ಪ ಕೈಗಡಿಯಾರ ನೋಡುತ್ತಿದ್ದರು. “ಕಲ್ಲಿಂದ ಕಲ್ಗೆ ಒಂದ್ ನಿಮ್ಸನೂ ಆಗ್ನಿಲ್ಲ ಕಣವ್ವ. ಐವತ್ರಲ್ಲಾದ್ರೆ ನಿಮ್ಸದ ಮ್ಯಾಲೇ ಆಯ್ತದೆ” ಎಂದರು ಮೆಲ್ಲಗೆ. ಕುಸುಮಳ ಕಾಲು ತಾನಾಗಿ ಮೇಲೆದ್ದಿತು. ಗಾಡಿ ನಿಧಾನವಾಯಿತು.

ಚಿಕ್ಕಬೋರಯ್ಯ ಊದಿಕೊಂಡ ಮಣಿಕಟ್ಟಿನಿಂದ ಗಡಿಯಾರವನ್ನು ಕಷ್ಟಪಟ್ಟು ಬಿಚ್ಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ಬಾಗಿಲಿನ ಹಿಡಿಯನ್ನು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿದರು.

“ಮುಳ್ಳು ಐವತ್ತಕ್ಕೆ ಬರ್ಲಿ” ಎಂದರು. “ತುಳಿಯವ್ವ.”