ಹಗ್ಗದ ಪಾಲು

ಕೆರೆ ಕೊಟ್ಟದ್ದಕ್ಕಿಂತ ಹೆಚ್ಚು ಮೀನನ್ನು ಊರು ತಿಂದುಬಿಟ್ಟಿತ್ತು. ತುಮಕೂರಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ದೆಹಲಿಗೆ ಹೋಗಬೇಕಾದ ಎರಡು ಲೆಕ್ಕಗಳನ್ನು ಹೋಲಿಸುತ್ತಿದ್ದ ಶಶಿಕಲಾಗೆ ನಗು ಬಂತು. ಮೀನುಗಾರರ ಸಂಘ ವರ್ಷವಿಡೀ ದಡದಲ್ಲಿ ತೂಗಿ ಬರೆಸಿದ್ದು ಹನ್ನೆರಡು ಟನ್. ಸಮೀಕ್ಷೆಯವರು ಮನೆಮನೆಯಲ್ಲಿ ತಿಂದದ್ದೆಷ್ಟೆಂದು ಕೇಳಿ ಬರೆದದ್ದು ಹದಿನೈದು. ಹೊರಗಿನ ಮೀನು ಕಾಲಿಡದ ಊರು ಅದು.

"ತೂಕ ತಪ್ಪಿಸಿ ಊರಲ್ಲೇ ಮಾರ್ಕೊಂಡಿದಾರೆ. ಸೋರಿಕೆ ಅಂತ ಬರ್ದು ಸಂಜೆಯೊಳಗೆ ಕಳ್ಸಮ್ಮ," ಎಂದರು ಮೇಲಧಿಕಾರಿ ಮೋಹನ್‌ಕುಮಾರ್.

ಹಾಗೆ ಬರೆದರೆ ಸಂಘಕ್ಕೆ ಕೆರೆಯ ಗುತ್ತಿಗೆಯೇ ತಪ್ಪುತ್ತದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ, ಇಲ್ಲಿ ಕಂಡವರೇ ಯಾರೂ ಇಲ್ಲ. ಶಶಿಕಲಾ ಸ್ಕೂಟರ್ ಹತ್ತಿ ಕುಣಿಗಲ್ ದಾರಿ ಹಿಡಿದಳು.

ಕೆರೆಗೆ ಬಲೆ ಬಿದ್ದಿತ್ತು. ಸಂಘದ ಅಧ್ಯಕ್ಷ ಬೆಟ್ಟಯ್ಯ ಸೊಂಟದುದ್ದ ನೀರಲ್ಲಿ ನಿಂತಿದ್ದ. ವಿಷಯ ಕೇಳಿದ್ದೇ ಅವನ ಮುಖ ಇಳಿದುಹೋಯಿತು.

"ಕಳ್ರು ಅಂದ್ರಾ ನಮ್ಮನ್ನ? ಆಗ್ಲಿ ಬುಡಿ, ಬಲೆ ಎಳುದ್ಮೇಲೆ ಮಾತಾಡನ. ಸುಮ್ಕೆ ಯಾಕ್ ನಿಂತೀರಿ, ನೀವೂ ಹಗ್ಗ ಹಿಡೀರಿ."

ಹಗ್ಗಕ್ಕೆ ಆಗಲೇ ಅರ್ಧ ಊರು ಜೋತುಬಿದ್ದಿತ್ತು. ಹಾಲಿನ ಡೇರಿಯ ಕಾಂತೇಶ್, ಸೆರಗು ಬಿಗಿದು ಕಟ್ಟಿದ ಪುಟ್ಟಗಂಗಮ್ಮ, ಬಸ್ಸು ತಪ್ಪಿದ ಒಬ್ಬ ಮೇಷ್ಟ್ರು. ಶಶಿಕಲಾ ಚಪ್ಪಲಿ ಬಿಟ್ಟು ಎಳೆದಳು, ಕೆಸರಲ್ಲಿ ಜಾರಿ ಕೂತೇಬಿಟ್ಟಳು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಕೆಲಸಕ್ಕೆ ಸೇರಿದ ಮೇಲೆ ಇಷ್ಟು ಖುಷಿಯಾಗಿ ಒಂದು ಕೆಲಸ ಮಾಡಿದ್ದೇ ಇಲ್ಲ ಅನ್ನಿಸಿತು.

ಬಲೆ ದಡ ಮುಟ್ಟಿತು. ತಕ್ಕಡಿ ಹಿಡಿಯುವ ಮೊದಲೇ ಬೆಟ್ಟಯ್ಯ ಹಗ್ಗ ಎಳೆದವರಿಗೆಲ್ಲ ಒಂದೊಂದು ಮೀನು ಎತ್ತಿ ಕೊಡುತ್ತ ಬಂದ. ಶಶಿಕಲಾಗೂ ಒಂದು ಕಾಟ್ಲಾ ಸಿಕ್ಕಿತು.

"ಇವನ್ನ ತೂಗಲ್ವಾ?"

"ತೂಗಿ ಕೊಟ್ರೆ ಯಾಪಾರ ಆಯ್ತದೆ ಕಣವ್ವ. ಇದು ಹಗ್ಗದ ಪಾಲು. ನಮ್ಮಪ್ಪನ ಕಾಲ್ದಿಂದ್ಲೂ ತೂಗಿಲ್ಲ."

ಅಷ್ಟರಲ್ಲಿ ಮೋಹನ್‌ಕುಮಾರ್ ಫೋನು ಬಂತು. "ಯಾವ ಲೆಕ್ಕ ಸುಳ್ಳಮ್ಮ?"

"ಎರಡೂ ನಿಜ ಸಾರ್. ಸಂಘದವ್ರು ಮಾರಿದ್ದು ಬರ್ಸಿದಾರೆ, ಊರವ್ರು ತಿಂದಿದ್ದು ಹೇಳಿದಾರೆ. ಹಂಚಿದ್ದಕ್ಕೆ ನಮ್ಮಲ್ಲಿ ಕಾಲಮ್ಮೇ ಇಲ್ಲ."

"ಸಾಕ್ಷಿ ಏನಿದೆ ಅದಕ್ಕೆ?"

ಶಶಿಕಲಾ ಫೋನನ್ನು ಭುಜಕ್ಕೆ ಸಿಕ್ಕಿಸಿಕೊಂಡು, ಒದ್ದಾಡುತ್ತಿದ್ದ ಮೀನನ್ನು ಎರಡೂ ಕೈಯಲ್ಲಿ ಅವುಚಿಕೊಂಡಳು.

"ಕೈಯಲ್ಲೇ ಇದೆ ಸಾರ್. ಬೇಗ ಬಂದು ನೋಡ್ಕೊಳ್ಳಿ, ಸಂಜೆಗೆ ಸಾರಾಗತ್ತೆ."