ಕಾಡಿನಲ್ಲಿ ಕುಕ್ಕರ್

ಗ್ರ್ಯಾಂಡ್ ಕ್ಯಾನಿಯನ್ ಪಕ್ಕದ ಕಾಡು, ಎಂಟು ಸಾವಿರ ಅಡಿ ಎತ್ತರ. ಗಂಡ ಟೆಂಟ್ ಕಟ್ಟಿ ಮುಗಿಸುವಷ್ಟರಲ್ಲಿ ಹೆಂಡತಿ ಚೀಲದಿಂದ ಕುಕ್ಕರ್ ತೆಗೆದಳು.

"ಮೈಸೂರಿಂದ ಇದನ್ನೂ ಹೊತ್ಕೊಂಡ್ ಬಂದ್ಯಾ?"

"ಇಷ್ಟು ಎತ್ತರದಲ್ಲಿ ಬರೀ ಪಾತ್ರೇಲಿ ಅನ್ನ ಬೇಯಲ್ಲ ರೀ."

"ಕಾಡಿಗೆ ಬಂದಿರೋದು ನೆಮ್ಮದಿಗೆ ಕಣೇ, ಇಲ್ಲೂ ಇದರ ಕೂಗು ಕೇಳೋಕಲ್ಲ!" ಎಂದವನೇ ಕಣಿವೆ ನೋಡಲು ಒಬ್ಬನೇ ಹೊರಟುಬಿಟ್ಟ.

ಹಿಂತಿರುಗುವಾಗ ಹೊತ್ತು ಮುಳುಗುತ್ತಿತ್ತು. ಎತ್ತ ನೋಡಿದರೂ ಒಂದೇ ಥರದ ಪೈನ್ ಮರಗಳು. ಫೋನಿನಲ್ಲಿ ಸಿಗ್ನಲ್ ಇಲ್ಲ. ದಿಕ್ಕು ತೋಚದೆ ಸುತ್ತುತ್ತಿದ್ದಾಗ ದೂರದಲ್ಲೆಲ್ಲೋ ಕುಕ್ಕರ್ ಕೂಗಿತು. ಅತ್ತ ಓಡಿದ. ಸ್ವಲ್ಪ ಹೊತ್ತಿಗೆ ಮತ್ತೆ ಕೂಗಿತು. ಆಮೇಲೂ ಬಿಟ್ಟು ಬಿಟ್ಟು ಕೂಗುತ್ತಲೇ ಇತ್ತು.

ಟೆಂಟ್ ಕಂಡ ಕೂಡಲೇ ಓಟ ನಿಲ್ಲಿಸಿ, ಬೆವರು ಒರೆಸಿಕೊಂಡು, ಆರಾಮವಾಗಿ ಕೈಬೀಸಿಕೊಂಡು ಬಂದ.

"ದಾರಿ ತಪ್ಪೋಯ್ತಾ?"

"ಛೇ, ಸುಮ್ನೆ ಕೂತು ಕಣಿವೆ ನೋಡ್ತಿದ್ದೆ. ಅದೆಷ್ಟು ಕೂಗಿಸ್ತೀಯೇ? ಅನ್ನ ಗಂಜಿ ಆಗಿರುತ್ತೆ!"

ಅವನೇ ಸ್ಟವ್ ಆರಿಸಿ, ಆವಿ ಬಿಟ್ಟು, ಮುಚ್ಚಳ ತೆಗೆದ.

ಒಳಗೆ ಬರೀ ನೀರು ಕುದಿಯುತ್ತಿತ್ತು. ಪಕ್ಕದ ಪಾತ್ರೆಗೆ ತೆಗೆದಿಟ್ಟಿದ್ದ ಅನ್ನ ಯಾವಾಗಲೋ ಆರಿ ತಣ್ಣಗಾಗಿತ್ತು.